ನಿಲಂಗಾದಲ್ಲಿ ಬದಲಾದ ನನ್ನ ತೀರ್ಪು

ಮದುವೆಯಾಗಿ ಆಳಂದ ಕಡೆಯಿಂದ ಗಡಿಯಾಚೆ ಮರಾಠಿ ನಾಡಿನ ಉಮರ್ಗಾಕ್ಕೆ ಬಂದ ಮೇಲೆ ಅಲ್ಲಿನ ಕನ್ನಡ ಶಾಲೆಯೊಂದರಲ್ಲಿ ನಾನು ವ್ಯಾಯಾಮ ಶಿಕ್ಷಕಿಯಾದೆ. ಆ ಭಾಗದ ಊರುಗಳನ್ನು ನೆಲಸಮ ಮಾಡಿದ ಭೂಕಂಪವಾಗಿ ಆರೇಳು ವರ್ಷ ಕಳೆದಿತ್ತು. ಸುತ್ತಲ ಊರುಗಳಲ್ಲಿ ಹುಡುಗಿಯರು ಬೇಸ್‌ಬಾಲ್ ಆಡುತ್ತಿದ್ದರು, ಆದರೆ ಅದರ ನಿಯಮ ಓದಿಕೊಂಡವರು ಕಡಿಮೆ. ಹಾಗಾಗಿ ಅಂಪೈರ್ ಕೆಲಸ ನನಗೆ ಬಂತು. ಮರಾಠಿ ಕೇಳಿದರೆ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ.

ಆ ವರ್ಷ ನಿಲಂಗಾದಲ್ಲಿ ಫೈನಲ್, ನಿಲಂಗಾಕ್ಕೂ ಉದಗೀರಕ್ಕೂ. ಭೂಕಂಪದಲ್ಲಿ ಮನೆ ಕಳೆದುಕೊಂಡವರ ತಗಡಿನ ಶೆಡ್ಡುಗಳನ್ನು ಕಿತ್ತಿದ್ದ ಮೈದಾನದಲ್ಲಿ ಕಾಲಿಟ್ಟಲ್ಲೆಲ್ಲ ಮೊಳೆ. ಬೆಳಿಗ್ಗೆ ನಾನೊಬ್ಬಳೇ ಬಗ್ಗಿ ಅವನ್ನು ಆರಿಸಿದೆ. ಸಂಘಟಕರು ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು.

ಉದಗೀರದವರು ಒಂದು ರನ್ ಮುಂದಿದ್ದರು. ಇನ್ನೊಂದು ಔಟಾದರೆ ಆಟ ಮುಗಿಯುತ್ತಿತ್ತು. ಆಗ ನಿಲಂಗಾದ ಹುಡುಗಿಯೊಬ್ಬಳು ಮೂರನೇ ಬೇಸ್‌ನಿಂದ ಓಡಿ ಬಂದು ಹೋಮ್ ಪ್ಲೇಟಿಗೆ ಜಾರಿದಳು; ಅದನ್ನು ಮುಟ್ಟಿದರೆ ಒಂದು ರನ್, ಆಟ ಸಮ. ಅವಳನ್ನು ಔಟ್ ಮಾಡಲು ಪ್ಲೇಟಿನ ಬಳಿ ನಿಂತಿದ್ದ ಉದಗೀರದ ಕ್ಯಾಚರ್ ಅವಳ ಭುಜಕ್ಕೆ ಚೆಂಡು ಮುಟ್ಟಿಸಿದಳು. ಮುಟ್ಟಿಸುತ್ತಲೇ ಚೆಂಡು ಕೈಜಾರಿ ನೆಲಕ್ಕೆ ಬಿತ್ತು. ಚೆಂಡು ಜಾರಿದರೆ ಔಟ್ ಇಲ್ಲ. ನಾನು ಎರಡೂ ಕೈ ಚಾಚಿ “ಸೇಫ್” ಎಂದೆ.

ಉದಗೀರದ ತರಬೇತುದಾರ ನುಗ್ಗಿ ಬಂದ. ನನ್ನ ಮುಖ ಕೂಡ ನೋಡದೆ ಸಂಘಟಕರಿಗೆ, “ಬಾಈಂನಾ ಮರಾಠಿ ಕಳತ ನಾಹಿ, ಖೇಳ ಕಾಯ ಕಳಣಾರ?” ಎಂದ. ಮರಾಠಿ ತಿಳಿಯದವಳಿಗೆ ಆಟ ಏನು ತಿಳಿದೀತು ಅಂತ!

“ಚೆಂಡು ಪಡ್ಲೀ!” ಎಂದು ನಾನೂ ಕೂಗಿದೆ, ಚೆಂಡು ಬಿತ್ತು ಅಂತ. ಚೆಂಡಿಗೆ ಅವರೂ ಚೆಂಡು ಎಂದೇ ಅನ್ನುತ್ತಾರೆ. ಆದರೆ ಅವರ ಮಾತಿನಲ್ಲಿ ಅದು ಗಂಡು, ‘ಪಡ್ಲಾ’ ಅನ್ನಬೇಕು; ನಾನು ಹೆಣ್ಣು ಮಾಡಿದ್ದೆ. ಇಡೀ ಮೈದಾನ ನಕ್ಕಿತು. ಆ ನಗುವಿನಲ್ಲೇ ಸಂಘಟಕರು ಔಟ್ ಎಂದು ಘೋಷಿಸಿ ಉದಗೀರದವರಿಗೆ ಕಪ್ ಕೊಟ್ಟುಬಿಟ್ಟರು. ಸ್ಕೋರ್ ಹಾಳೆಗೆ ನಾನು ಸಹಿ ಹಾಕಲಿಲ್ಲ. ಅವರ ಮೇಜಿನ ಮೇಲೆ ಎಸೆದು ಬಂದೆ.

ಬಸ್ ಸ್ಟ್ಯಾಂಡಿನಲ್ಲಿ ಆ ಕ್ಯಾಚರ್ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು.

“ಮೇಡಂ, ಚೆಂಡು ಬಿದ್ದಿದ್ದು ಖರೇ ಅದರೀ.”

ನಮ್ಮ ಕಡೆಯ ಕನ್ನಡ! ನನ್ನ ಮೈ ಉರಿದುಹೋಯಿತು.

“ಮತ್ತ ಅಲ್ಲಿ ಯಾಕ ಸುಮ್ನ ನಿಂತಿ? ಇದೊಂದ ಮಾತು ಮರಾಠಿಯಾಗ ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?”

“ನಮ್ಮ ಮನ್ಯಾಗ ಕನ್ನಡಾನೇ ಮಾತಾಡ್ತೀವ್ರೀ. ಟೀಮಿನ್ಯಾಗ ಯಾರಿಗೂ ಗೊತ್ತಿಲ್ಲ. ನಿಮ್ಮ ಪರ ಅಂದಿದ್ರ ಇಕೀನೂ ಕನ್ನಡದಾಕಿ ಅಂತ ನನಗೂ ಹಂಗೇ ನಗ್ತಿದ್ರು.”

ತಲೆ ಸವರಿ ಸಮಾಧಾನ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. “ಹೋಗು, ನಿನ್ನ ಕಪ್ ತಗೊಂಡು ಹೋಗು” ಎಂದೆ. ಬಸ್ ಬಂದಾಗ ಅವಳು ನನ್ನ ಚೀಲ ಎತ್ತಿಕೊಡಲು ಕೈಚಾಚಿದಳು. ಕಿತ್ತುಕೊಂಡು ಹತ್ತಿದೆ. ಅವಳ ಮೇಲಿನ ಸಿಟ್ಟು ಆ ತರಬೇತುದಾರನ ಮೇಲಿನದಕ್ಕಿಂತ ಹೆಚ್ಚಾಗಿತ್ತು, ಯಾಕೆಂದರೆ ಅವಳಿಗೆ ಎಲ್ಲ ತಿಳಿದಿತ್ತು.

ಸಂಘಟಕರಿಗೆ ಬರವಣಿಗೆಯಲ್ಲಿ ದೂರು ಕೊಟ್ಟೆ, ಉತ್ತರ ಬರಲಿಲ್ಲ. ಮರುವರ್ಷ ನನ್ನನ್ನು ಕರೆಯಲಿಲ್ಲ. ನನ್ನ ಬದಲು ಕರೆಸಿದ ಅಂಪೈರಿಗೆ ಮರಾಠಿ ಸೊಗಸಾಗಿ ಬರುತ್ತಿತ್ತಂತೆ. ಆದರೆ ಆಟದ ಮೊದಲ ಪಾಠವಾದ ಎಷ್ಟು ಸ್ಟ್ರೈಕಿಗೆ ಔಟ್ ಎಂಬುದನ್ನೂ ಅವನು ಆಟಗಾರ್ತಿಯರನ್ನೇ ಕೇಳಿದನೆಂದು ನಿಲಂಗಾದ ಹುಡುಗಿಯರು ನನಗೆ ಹೇಳಿ ಕಳಿಸಿದರು.