ಬುದ್ಧನ ಅಂಗಳ ಸಾರಿಸಿದ ಗುರುಮಲ್ಲಯ್ಯ

ಕುದೇರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುರುಮಲ್ಲಯ್ಯ ಮೊಣಕೈವರೆಗೂ ಸಗಣಿ ಮಾಡಿಕೊಂಡು ರಾಗಿ ಕಣ ಸಾರಿಸುತ್ತಿದ್ದಾರೆ. ಹೆಂಡತಿ ಶಾಂತಮಲ್ಲಮ್ಮ ನೀರು ಚಿಮುಕಿಸುತ್ತಾ, ಅವರ ಕಥೆ ಕೇಳಲು ಬಂದ ನನ್ನತ್ತ ನೋಡಿ ನಗುತ್ತಾರೆ: "ಇಲ್ಲಿ ಎಷ್ಟಾದ್ರೂ ಸಾರ್ಸ್ಲಿ ಬುಡಿ ಸ್ವಾಮಿ, ಯಾರೂ ಬಯ್ಯಾಕಿಲ್ಲ. ಕಾಶ್ಮೀರದಲ್ಲಿ ಸಾರ್ಸಿ ಕೆಲ್ಸ ಕಳ್ಕಂಡವ್ರು ಇವ್ರೊಬ್ರೇಯ!"

ಗುರುಮಲ್ಲಯ್ಯ ಮಣ್ಣು ಅಗೆಯುವ ಆಳು. ಹಳೇ ಕಾಲದ ಅವಶೇಷ ಹುಡುಕುವ ಮೈಸೂರಿನ ಸಾಹೇಬರೊಬ್ಬರು ಗುಂಡ್ಲುಪೇಟೆ ಕಡೆ ದಿಬ್ಬ ಅಗೆಸಿದಾಗ ಇವರ ಹಗುರ ಕೈ ಮೆಚ್ಚಿ, 1952ರ ಬೇಸಗೆಯಲ್ಲಿ ಕಾಶ್ಮೀರದ ಕಣಿವೆಗೂ ಕರೆದೊಯ್ದರು. ಅಲ್ಲಿ ಹಿಮದ ಬೆಟ್ಟಗಳ ಬುಡದಲ್ಲಿ ಬೌದ್ಧರ ಸ್ತೂಪವೊಂದು ಮಣ್ಣಾಗಿ ಮಲಗಿತ್ತು. "ಸೇಬು ಬೀದೀಲಿ ಬಿದ್ದಿರ್ತದ. ಆದ್ರ ಒಂದು ತುತ್ತು ಉಪ್ಸಾರಿಗೆ ಗತಿಯಿಲ್ಲ" ಎಂಬುದು ಅವರ ಪ್ರವಾಸಕಥನ.

ತಿಂಗಳುಗಟ್ಟಲೆ ಅಗೆದ ಮೇಲೆ ಸ್ತೂಪದ ಬುಡದ ಅರ್ಧ ಕಂಡಿತು. ದುಂಡಗೆ, ಸಮನಾಗಿ, ಸಣ್ಣ ಕಲ್ಲು ಹಾಸಿದ ನೆಲ. ಮರುದಿನ ದೊಡ್ಡ ಮನುಷ್ಯರು ನೋಡಲು ಬರುವವರಿದ್ದರು. ಸಂಜೆ ಎಲ್ಲರೂ ಡೇರೆಗೆ ಹೋದರೂ ಗುರುಮಲ್ಲಯ್ಯ ಹೋಗಲಿಲ್ಲ.

"ನೋಡುದ್ರ ನಮ್ ಕಣದಂಗೇ ದುಂಡಗದ. ದೇವ್ರ ಜಾಗ ಬ್ಯಾರೆ. ಬರಿನೆಲ ಬುಟ್ರ ಲಕ್ಷ್ಮಿ ನಿಂತಾಳಾ? ಅಲ್ಲೇ ಅಸ ಕಟ್ಟಿದ್ರು, ಸಗಣಿ ಸಿಕ್ತು. ಸಾರ್ಸ್‌ಬುಟ್ಟೆ. ನಡುವ್ಕ ಗರಿಕೆ ಸಿಕ್ಸಿ ಒಂದು ಸಗಣಿ ಬೆನಕನ್ನೂ ಮಡಗ್‌ಬುಟ್ಟೆ."

ಬೆಳಿಗ್ಗೆ ಬಂದ ಸಾಹೇಬರು ಅದನ್ನು ಕಂಡು ಬೈಯತೊಡಗಿದರಂತೆ. ಆಳುಗಳೆಲ್ಲ ಕಿವಿ ಮುಚ್ಚಿಕೊಳ್ಳಬೇಕಾಯಿತಂತೆ. ಒದ್ದೆ ಬಟ್ಟೆ ಹಿಡಿದು ಒಂದೊಂದೇ ಕಲ್ಲು ಒರೆಸಿ ಮೊದಲಿನಂತೆ ಮಾಡಿದವರೂ ಗುರುಮಲ್ಲಯ್ಯನೇ. ಕೊನೆಯ ಕಲ್ಲು ಒರೆಸಿದ ದಿನವೇ ಅವರನ್ನು ಊರಿಗೆ ಸಾಗಹಾಕಿದರು.

ಆ ನೆಲದ ಇನ್ನರ್ಧ ಮಣ್ಣಿನೊಳಗೇ ಇದೆ. ಬರುವ ಬೇಸಗೆಯಲ್ಲಿ ಅದನ್ನು ಅಗೆಯಲು ಅದೇ ಸಾಹೇಬರು ಇಂದು ಚಾಮರಾಜನಗರದ ಬಂಗಲೆಯಲ್ಲಿ ಆಳು ಆರಿಸುತ್ತಿದ್ದಾರೆ. ತಮ್ಮನ್ನು ಮತ್ತೆ ಸೇರಿಸಿಕೊಂಡಾರೇ ಎಂಬುದೊಂದೇ ಗುರುಮಲ್ಲಯ್ಯನ ಚಿಂತೆ. ಕಣ ಮುಗಿಸಿ, ಸೀಗೆಪುಡಿ ಹಾಕಿ ಕೈ ಕೆಂಪಾಗುವವರೆಗೆ ಉಜ್ಜಿ ಬಸ್ಸು ಹತ್ತುತ್ತಾರೆ. ಜೊತೆಗೆ ನಾನೂ.

ಬಂಗಲೆಯಲ್ಲಿ ಅವರ ಸರದಿ ಬರುತ್ತದೆ. ಸಾಹೇಬರು ಮುಖ ನೋಡುವುದಿಲ್ಲ, ಎರಡೂ ಕೈ ಹಿಡಿದು ಮೂಸುತ್ತಾರೆ.

"ಇವತ್ತೂ ಸಾರಿಸಿ ಬಂದೆಯಾ?"

"ಊಂ ಬುದ್ಧಿ. ನಮ್ ಕಣನೇಯ."

ಸಾಹೇಬರ ಮೀಸೆ ಅಲುಗುತ್ತದೆ. "ಸದ್ಯ, ಸುಳ್ಳು ಹೇಳಲಿಲ್ಲ. ಬಾ. ಅಲ್ಲಿ ಹಸುವಿನ ಹತ್ತಿರ ಸುಳಿದೆಯೋ, ನೋಡು!"

ವಾಪಸು ಬಸ್ಸಿನಲ್ಲಿ ಗುರುಮಲ್ಲಯ್ಯನ ಕಣ್ಣು ತುಂಬಿದೆ. ನನಗೂ ಸಂತೋಷ ತಡೆಯಲಾಗುತ್ತಿಲ್ಲ. "ಇನ್ನರ್ಧದ ಮಣ್ಣೂ ನಾನೇ ಬುಡುಸ್ತೀನಿ. ಸಗಣಿ ಮುಟ್ಟಾಕಿಲ್ಲ, ಮಾದಪ್ಪನಾಣೆ" ಎನ್ನುತ್ತಾರೆ. ಊರು ಹತ್ತಿರವಾದಾಗ ನನ್ನ ಕಿವಿಯ ಬಳಿ ಬಗ್ಗುತ್ತಾರೆ.

"ಆದ್ರೂವೆ ಸ್ವಾಮಿ, ಆವತ್ತು ಬುದ್ಧದೇವ್ರ ಅಂಗ್ಳ ಏನ್ ಲಕಲಕ ಅಂತಿತ್ತು ಅಂತೀರಿ!"