ಕುಡಿಯದವರ ರಕ್ತ

ನನ್ನ ಗಂಡ ಪ್ರಾಯವೆಲ್ಲ ಭಾಂಡುಪ್ ಸ್ಟೇಷನ್ ಹತ್ತಿರದ ಒಂದು ಬಾರಿನ ಕ್ಯಾಶಿನಲ್ಲಿ ಕೂತು ಕಳೆದವರು. ಒಂದು ಹನಿಯನ್ನೂ ಬಾಯಿಗೆ ಹಾಕಿದವರಲ್ಲ. ಆದರೆ ಅಂಗಿಗೆ ಹಿಡಿದ ವಾಸನೆಗೆ ಅದು ಗೊತ್ತಾಗಬೇಕಲ್ಲ! ಬಿಲ್ಡಿಂಗಿನ ಲಿಫ್ಟಿನಲ್ಲಿ ಜನ ಮೂಗು ಮುಚ್ಚಿಕೊಳ್ಳುತ್ತಿದ್ದರು. ಇವರು ನಕ್ಕುಬಿಡುತ್ತಿದ್ದರು; ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರ ಲಿವರ್ ಕೆಟ್ಟಿತು. ಹಳೆಯ ಸಕ್ಕರೆ ಕಾಯಿಲೆ, ಅದರ ಮೇಲೆ ಕೊಬ್ಬು ಎಂದರು ಡಾಕ್ಟರು. ಬದುಕಬೇಕಾದರೆ ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಡಬೇಕು. ನಮಗೆ ಮಕ್ಕಳಿಲ್ಲ. ನನ್ನ ರಕ್ತದ ಗುಂಪು ಹೊಂದಲಿಲ್ಲ. ಹೊಂದಿದ್ದು ಗೋರೆಗಾಂವಿನಲ್ಲಿರುವ ಮೈದುನನದು.

"ಅಣ್ಣ ಕುಡಿದು ಹಾಳು ಮಾಡಿಕೊಂಡದ್ದಕ್ಕೆ ನಾನು ಹೊಟ್ಟೆ ಕೊಯ್ಸಿಕೊಳ್ಬೇಕಾ ಅತ್ತಿಗೆ? ನನಗೂ ಸಣ್ಣ ಮಕ್ಕಳುಂಟು," ಎಂದ.

ಕುಡಿಯುವುದಿಲ್ಲ ಎಂದು ತೋರಿಸುವ ಪರೀಕ್ಷೆ ಏನಾದರೂ ಇದೆಯೇ ಎಂದು ಡಾಕ್ಟರನ್ನು ಕೇಳಿದೆ. ಇದೆಯಂತೆ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೊಟೀನು. ಅದಕ್ಕೆ ಸಕ್ಕರೆಯ ಸರಗಳು ಅಂಟಿಕೊಂಡಿರುತ್ತವೆ. ವಿಪರೀತ ಕುಡಿಯುವವರಲ್ಲಿ ಆ ಸರ ಕಳಚಿದ ಪ್ರೊಟೀನು ಹೆಚ್ಚುತ್ತದೆ. ಇವರ ರಕ್ತದಲ್ಲಿ ಹೆಚ್ಚಿರಲಿಲ್ಲ. ರಿಪೋರ್ಟು ಹಿಡಿದು ಲೋಕಲ್ ಹತ್ತಿ, ದಾದರಿನಲ್ಲಿ ಬದಲಿಸಿ, ಗೋರೆಗಾಂವಿಗೆ ಓಡಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮೈದುನ ನನ್ನೆದುರೇ ಡಾಕ್ಟರಿಗೆ ಫೋನು ಮಾಡಿದ. ಈ ಪರೀಕ್ಷೆ ಹಿಂದಿನ ಕೆಲವು ವಾರಗಳ ಮಾತನ್ನಷ್ಟೇ ಹೇಳುತ್ತದೆ, ಅದಕ್ಕೂ ಹಳೆಯದನ್ನು ಹೇಳುವುದಿಲ್ಲ ಎಂದರು ಅವರು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಡಾಕ್ಟರು, ಏನು ಮಾಡುವುದು!

"ಕೆಲವು ವಾರದಿಂದ ಅಣ್ಣ ಹಾಸಿಗೆಯಲ್ಲೇ ಇದ್ದಾನಲ್ಲ ಅತ್ತಿಗೆ," ಎಂದ ಮೈದುನ.

ಅದಕ್ಕೂ ಹಿಂದಿನ ವರ್ಷಗಳಿಗೆಲ್ಲ ಸಾಕ್ಷಿ ನಾನೊಬ್ಬಳೇ. ಹೆಂಡತಿಯ ಮಾತನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಆ ತಿಂಗಳು ಮುಗಿಯುವ ಮೊದಲೇ ಅವರು ತೀರಿಕೊಂಡರು.

ನಮ್ಮ ಕಡೆ ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯುವ ಕ್ರಮವಿದೆ. ನಾನು ಕೋರಿರೊಟ್ಟಿ ಬಡಿಸಿದೆ. ಮೈದುನ ಚೀಲದಿಂದ ವಿಸ್ಕಿಯ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಎಲೆಯ ಪಕ್ಕ ಇಟ್ಟ. ದುಬಾರಿ ವಿಸ್ಕಿ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ತೆಗಿ ಅದನ್ನು. ಅವರು ಕುಡೀತಿರ್ಲಿಲ್ಲ," ಎಂದೆ.

"ಇರ್ಲಿ ಅತ್ತಿಗೆ. ಇವತ್ತೊಂದು ದಿನ ಅಣ್ಣನಿಗೆ ಬೈಬೇಡಿ," ಎಂದು ನನ್ನನ್ನು ಹೊರಗೆ ಕರೆತಂದು ಮೆಲ್ಲಗೆ ಬಾಗಿಲು ಮುಚ್ಚಿದ.