ಒಂಬತ್ತು ಚುಕ್ಕಿಯ ಚೀಟಿ

ರೇವತಿಯ ಫೋನನ್ನು ನಾನು ಬೇಕಂತಲೇ ಅರೆಬರೆ ರಿಪೇರಿ ಮಾಡಿ ಕೊಟ್ಟೆ. ಒಂದು ಸಲವಲ್ಲ, ಎರಡು ಸಲ. ಕೈತಪ್ಪಿ ಆದದ್ದಲ್ಲ, ಕೆಲಸ ಬಾರದೆ ಆದದ್ದೂ ಅಲ್ಲ — ಆ ಫೋನು ಕೆಟ್ಟು ಮತ್ತೆ ನನ್ನ ಟೇಬಲ್ಲಿಗೆ ಬರಲಿ ಅಂತ ಮಾಡಿದ್ದು. ಅದರೊಳಗಿದ್ದದ್ದನ್ನು ನಾನು ಕದ್ದು ಕೇಳುತ್ತಿದ್ದೆ, ಮುಂದೇನಾಯಿತು ಎಂದು ನನಗೆ ತಿಳಿಯಲೇಬೇಕಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಾತು ಸುತ್ತಿ ಬಳಸಿ ಬರುವ ಜಾತಿಯದ್ದು. ಮೊದಲು ಹೇಳದಿದ್ದರೆ ಕೊನೆಗೂ ಹೇಳದೆ ಎದ್ದು ಹೋದೇನು ಎಂಬ ಭಯ ನನಗೇ ಇದೆ.

ಶಿವಮೊಗ್ಗದಲ್ಲಿ, ಗಾಂಧಿ ಬಜಾರಿನ ಪಕ್ಕದ ಒಂದು ಓಣಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಸುಮಕ್ಕನ ಅಂಗಡಿ ಅಂದರೆ ಆಟೋದವರೂ ತೋರಿಸುತ್ತಾರೆ. ಹೆಂಗಸೊಬ್ಬಳು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದನ್ನು ನೋಡಿ ಮೊದಮೊದಲು ನಕ್ಕವರೇ ಆಮೇಲೆ ತಮ್ಮ ಮನೆಯ ಹೆಣ್ಣುಮಕ್ಕಳ ಫೋನುಗಳನ್ನು ನನ್ನ ಹತ್ತಿರ ಕಳಿಸತೊಡಗಿದರು. ಕಾಲೇಜು ಹುಡುಗಿಯರು, ಟೀಚರುಗಳು, ನರ್ಸುಗಳು — "ಗಂಡಸರ ಅಂಗಡೀಲಿ ಬಿಟ್ಟು ಹೋಗೋಕೆ ಒಂಥರಾ ಆಗುತ್ತೆ ಅಕ್ಕ, ನಿಮ್ಮತ್ರ ಆದ್ರೆ ಧೈರ್ಯ" ಅನ್ನುತ್ತಿದ್ದರು. ಅವರ ಆ ಧೈರ್ಯದ ಮೇಲೆಯೇ ನನ್ನ ಅಂಗಡಿ ನಿಂತಿತ್ತು.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಫೋನು ಬಿಟ್ಟು ಹೋಗುವವರ ಹೆಸರು, ಏನು ತೊಂದರೆ ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಕೆಳಗೆ ಒಂಬತ್ತು ಚುಕ್ಕಿ ಇಡುತ್ತೇವೆ. ಗಿರಾಕಿ ತನ್ನ ಫೋನಿನ ಲಾಕು ತೆಗೆಯುವ ಗೆರೆಯನ್ನು ಆ ಚುಕ್ಕಿಗಳ ಮೇಲೆ ಎಳೆದು ಕೊಡಬೇಕು. ಆ ಚೀಟಿಯನ್ನು ಫೋನಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡುತ್ತೇವೆ. ಬೀಗವನ್ನೂ ಕೀಲಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುವ ಇಂಥ ಕಸುಬು ಬೇರೆ ಇದೆಯೋ ಇಲ್ಲವೋ ಗೊತ್ತಿಲ್ಲ. ರಿಪೇರಿ ಆದ ಮೇಲೆ ಟಚ್ಚು, ಕ್ಯಾಮೆರಾ, ಮೈಕು ಸರಿಯಿದೆಯೇ ಎಂದು ನೋಡಲು ಅದು ಬೇಕಾಗುತ್ತದೆ, ನಿಜ. ಆದರೆ ಇಷ್ಟು ವರ್ಷದಲ್ಲಿ ಒಬ್ಬರಾದರೂ ಯಾಕೆ ಎಂದು ಕೇಳಿದ್ದಿಲ್ಲ. ಹೊಸಿಲಿಗೆ ರಂಗೋಲಿ ಎಳೆದಷ್ಟು ಸಲೀಸಾಗಿ ಎಳೆದು ಕೊಟ್ಟು ಹೋಗುತ್ತಿದ್ದರು.

ನನ್ನ ಕುತೂಹಲ ಹಳೆಯ ಕಾಯಿಲೆ. ರಿಪೇರಿ ಕಲಿಯುವ ಮೊದಲು ನಾನು ಒಂದು ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದೆ. ಗಾಜಿನಾಚೆ ನಿಂತವರ ಮಾತು ಅರ್ಧ ಮಾತ್ರ ಕೇಳುತ್ತಿತ್ತು — "ಹೂಂ… ಹಂಗಾದ್ರೆ ಅವಳು ಒಪ್ಪಿದಳಾ?" ಅಂತ ಈ ಕಡೆಯವರು ಕೇಳಿದರೆ, ಒಪ್ಪಿದಳೋ ಇಲ್ಲವೋ ಎಂಬುದು ನನಗೆ ತಿಳಿಯುತ್ತಲೇ ಇರಲಿಲ್ಲ. ಮೀಟರು ನೋಡಿ ಬಿಲ್ಲು ಕೊಟ್ಟು ಕಳಿಸಿ, ಮನೆಗೆ ಹೋಗಿ ಅನ್ನಕ್ಕಿಡುವಾಗಲೂ ಆ ಗುರುತಿಲ್ಲದ ಹುಡುಗಿ ಒಪ್ಪಿದಳೇ ಎಂದು ಯೋಚಿಸುತ್ತಿದ್ದೆ. ಅದರಿಂದ ಯಾರಿಗೂ ಕೆಡುಕಾಗಲಿಲ್ಲ. ಹಾಗಾಗಿ ಕುತೂಹಲವೆಂದರೆ ನಿರಪಾಯದ ಗುಣ ಎಂದೇ ನಾನು ತಿಳಿದಿದ್ದೆ.

ರೇವತಿ ಬಂದದ್ದು ಐದು ವರ್ಷದ ಹಿಂದೆ. ಭದ್ರಾವತಿಯವಳು, ಕಾರ್ಖಾನೆಯಲ್ಲಿ ಕುಲುಮೆಯ ಕೆಲಸ ಮಾಡಿ ರಿಟೈರಾದವರ ಮಗಳು, ಮನೆಮಾತು ಕನ್ನಡ ಬೆರೆತ ತಮಿಳು. ಶಿವಮೊಗ್ಗದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಕೌಂಟರಿಗೆ ನಿಲ್ಲುತ್ತಿದ್ದಳು, ದಿನಾ ಬಸ್ಸಿನಲ್ಲಿ ಓಡಾಟ. ಬಸ್ಸಿನ ನೂಕುನುಗ್ಗಲಿನಲ್ಲಿ ಫೋನು ಬಿದ್ದು ಡಿಸ್‌ಪ್ಲೇ ಒಡೆದಿತ್ತು. ಚುಕ್ಕಿ ಸೇರಿಸಿ ಗೆರೆ ಎಳೆದು, "ಸಂಜೆ ಬಸ್ಸಿಗೆ ಹೋಗೋ ಮುಂಚೆ ತಗೋತೀನಿ ಅಕ್ಕ" ಅಂದು ಹೋದಳು.

ಡಿಸ್‌ಪ್ಲೇ ಬದಲಾಯಿಸಿ, ಮೈಕು ನೋಡಲು ರೆಕಾರ್ಡರ್ ತೆರೆದೆ. ಅಲ್ಲಿಯವರೆಗೂ ಅದು ಕೆಲಸ. ಅಲ್ಲಿ ಒಂದರ ಕೆಳಗೊಂದು ಸಾಲಾಗಿ ಕೂತಿದ್ದವು — ಅಪ್ಪ ಒಂದು, ಅಪ್ಪ ಎರಡು, ಅಪ್ಪ ಮೂರು… ಬೆರಳು ತಾನಾಗಿ ಹೋಯಿತು ಅಂತ ಹೇಳಬಹುದು. ತಾನಾಗಿ ಹೋಗಲಿಲ್ಲ, ನಾನೇ ಒತ್ತಿದೆ.

ಅವಳ ಅಪ್ಪನಿಗೆ ಲಕ್ವ ಹೊಡೆದು ಮಾತು ಹೋಗಿತ್ತು. ದಿನಾ ಸಂಜೆ ಅವಳು ಎದುರಿಗೆ ಕೂತು ಮಾತು ಕಲಿಸುತ್ತಿದ್ದಳು, ಅದನ್ನು ರೆಕಾರ್ಡ್ ಮಾಡಿ ಇಡುತ್ತಿದ್ದಳು. ಮೊದಲಿನವುಗಳಲ್ಲಿ ಬರೀ ಉಸಿರು, ಆ, ಊ. ಹನ್ನೆರಡನೆಯದೋ ಏನೋ — ಅವಳು ಲೋಟ ತೋರಿಸಿ "ಇದ್ರಲ್ಲಿ ಏನಿದೆ ಅಪ್ಪಾ?" ಅನ್ನುತ್ತಾಳೆ, ಅವರು ಒದ್ದಾಡಿ ಒದ್ದಾಡಿ "ಶಿಫ್ಟು" ಅನ್ನುತ್ತಾರೆ. ಹುಟ್ಟಿದಾಗಿನಿಂದ ಆಡಿದ ತಮಿಳು ಬರಲಿಲ್ಲ, ಊರಿನ ಕನ್ನಡವೂ ಬರಲಿಲ್ಲ, ಮೊದಲು ಬಂದದ್ದು ಕಾರ್ಖಾನೆಯ ಮಾತು. ಅವಳು ನಗುತ್ತಾಳೆ, ಅವರೂ ನಗುತ್ತಾರೆ. ನಾನು ಸ್ಟೂಲಿನ ಮೇಲೆ ಕೂತು ಅವರ ಜೊತೆ ನಕ್ಕೆ. ಆಮೇಲೆ ನೀರಿಗೆ "ತಣ್ಣಿ" ಬಂತು, ಕಾಫಿ ಬಂತು, ಬೆಕ್ಕಿನ ಹೆಸರು ಬಂತು. ಮಗಳ ಹೆಸರು ಮಾತ್ರ ಬರಲಿಲ್ಲ. "ನಾನು ಯಾರು ಅಪ್ಪಾ?" ಎಂದು ಕೇಳಿದರೆ, ಆಸ್ಪತ್ರೆಯಲ್ಲಿ ಕೇಳಿ ಕಲಿತದ್ದೋ ಏನೋ, ಬಹಳ ಮರ್ಯಾದೆಯಿಂದ "ಸಿಸ್ಟರ್" ಅನ್ನುತ್ತಿದ್ದರು. ಕೊನೆಯದು ಅವಳು, "ಆಯ್ತು, ನಾಳೆ ನನ್ನ ಹೆಸ್ರು ಹೇಳ್ಬೇಕು, ಬಿಡಲ್ಲ ನಾನು" ಅಂದಲ್ಲಿಗೆ ನಿಂತಿತ್ತು.

ನಾಳೆ ಹೇಳುತ್ತಾರೆಯೇ? ಇದು ನನ್ನ ತಲೆಗೆ ಹತ್ತಿಬಿಟ್ಟಿತು. ಅಷ್ಟನ್ನೂ ಅಂಗಡಿಯ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡೆ — ಇನ್ನೊಮ್ಮೆ ನಿಧಾನವಾಗಿ ಕೇಳೋಣ ಅಂತ. ಆಮೇಲೆ ಫೋನು ಮುಚ್ಚುವಾಗ, ಡಿಸ್‌ಪ್ಲೇಯನ್ನು ಬೋರ್ಡಿಗೆ ಸೇರಿಸುವ ಪಟ್ಟಿ ಅಲುಗಾಡದ ಹಾಗೆ ಒತ್ತಿ ಹಿಡಿಯುವ ಒಂದು ಚಿಕ್ಕ ತಗಡು ಇರುತ್ತದೆ, ಅದಕ್ಕೆ ಎರಡು ಸ್ಕ್ರೂ. ಆ ತಗಡನ್ನು ಡಬ್ಬಿಯಲ್ಲೇ ಬಿಟ್ಟೆ. ಭದ್ರಾವತಿ ಬಸ್ಸಿನ ಕುಲುಕಾಟಕ್ಕೆ ಎಂಟು ಹತ್ತು ದಿನ ಸಾಕು ಎಂದು ಲೆಕ್ಕ ಹಾಕಿದ್ದೆ. ಒಂಬತ್ತನೆಯ ದಿನ ಬಂದಳು. ಪರದೆ ಮಿಣಿಮಿಣಿ ಅನ್ನುತ್ತಿತ್ತು.

ಕಾಸು ಬೇಡ ಅಂದೆ. ಅದಕ್ಕೆ ಅವಳು ಎಷ್ಟು ಸಲ ಥ್ಯಾಂಕ್ಸ್ ಹೇಳಿದಳೋ. ಅವಳು ಓಣಿ ದಾಟುವವರೆಗೂ ಕಾದು ಹೊಸ ರೆಕಾರ್ಡಿಂಗುಗಳನ್ನು ತೆರೆದೆ. ಕೊನೆಯದಕ್ಕಿಂತ ಒಂದು ಹಿಂದಿನದರಲ್ಲಿ ಅದಿತ್ತು. "ನಾನು ಯಾರು ಅಪ್ಪಾ?" ಬಹಳ ಹೊತ್ತು ಏನೂ ಇಲ್ಲ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತದೆ. ಆಮೇಲೆ ಅವರು — "ರೇ… ರೇವು." ಅಷ್ಟೆ. ಆಮೇಲೆ ಒಂದು ನಿಮಿಷ ಅವಳು ಮೂಗು ಎಳೆದುಕೊಳ್ಳುವ ಸದ್ದು. ನನ್ನ ಕಣ್ಣಲ್ಲೂ ನೀರು. ಸ್ವಂತ ಮನೆಯ ಸಂಗತಿ ಎಂಬಷ್ಟು ಸಂತೋಷ ನನಗೆ.

ಅಲ್ಲಿಗೆ ಕಥೆ ಮುಗಿಯಿತಲ್ಲ, ತಗಡು ಹಾಕಿ ಕೊಡಬಹುದಿತ್ತಲ್ಲ? ಇದನ್ನು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆಸರು ಬಂತು, ಇನ್ನು ವಾಕ್ಯ ಬರುತ್ತದೆಯೇ ಎಂದು ತಿಳಿಯಬೇಕು ಅನಿಸಿತು. ಆಸೆಗೆ ಅಷ್ಟು ನೆಪ ಸಾಕಾಯಿತು. ಹೊಸದನ್ನೆಲ್ಲ ಕಾಪಿ ಮಾಡಿ, ಮತ್ತೆ ತಗಡು ಬಿಟ್ಟು ಫೋನು ಮುಚ್ಚಿದೆ.

ಅದು ಮೂರನೆಯ ಸಲ ನನ್ನ ಕೈಗೆ ಬರಲಿಲ್ಲ. ಹುಬ್ಬಳ್ಳಿಯಿಂದ ನೆಂಟರು ಬಂದಿದ್ದರು ಅಂತ ಒಂದು ದಿನ ಅಂಗಡಿ ಮುಚ್ಚಿ ಅವರನ್ನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದುಕೊಂಡು ಹೋಗಿದ್ದೆ. ಆನೆಗಳು ಹೊಳೆಯಲ್ಲಿ ಮೀಯುವುದನ್ನು ನಾನು ನಿಂತು ನೋಡುತ್ತಿದ್ದ ಹೊತ್ತಿಗೆ, ಭದ್ರಾವತಿಯ ಆಸ್ಪತ್ರೆಯಲ್ಲಿ ಎರಡನೆಯ ಸಲ ಲಕ್ವ ಹೊಡೆದ ರೇವತಿಯ ಅಪ್ಪನನ್ನು ಒಳಗೆ ಮಲಗಿಸಿದ್ದರು. ಹೊರಗೆ ಅವಳ ಕೈಯಲ್ಲಿ ಫೋನಿನ ಪರದೆ ಕಪ್ಪಾಗಿತ್ತು. ನನ್ನ ಅಂಗಡಿಗೆ ಬಂದ ಅವಳ ಅಣ್ಣ ಬಾಗಿಲು ಹಾಕಿದ್ದು ನೋಡಿ ಅದನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಗೆ ಕೊಟ್ಟ. ಅವರು ಸಾಫ್ಟ್‌ವೇರ್ ಹೋಗಿದೆ ಅಂದುಕೊಂಡು ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಟ್ಟರು; ಆ ಒತ್ತಾಟದಲ್ಲಿ ಪಟ್ಟಿ ತಾನೇ ಕೂತು ಪರದೆ ಬಂತು. ಆ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ತಗಡು ತೆಗೆದವಳು ನಾನು, ಅವರು ರೋಗ ಗುರುತಿಸಲಿಲ್ಲ ಅಷ್ಟೆ. ಮೂರು ದಿನಕ್ಕೆ ಅವಳ ಅಪ್ಪ ತೀರಿಕೊಂಡರು.

ಹದಿನೈದು ದಿನ ಬಿಟ್ಟು ರೇವತಿ ಬಂದಳು. ಫೋನನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದಳು. "ಮೇಲ್ ಐಡಿ ಹಾಕಿದ್ಮೇಲೆ ಫೋಟೋ ಎಲ್ಲ ವಾಪಸ್ ಬಂತು ಅಕ್ಕ. ಅಪ್ಪನ ರೆಕಾರ್ಡಿಂಗ್ ಒಂದೂ ಇಲ್ಲ. ಲಕ್ವ ಆದ್ಮೇಲೆ ನನ್ನ ಹೆಸ್ರು ಕರ್ದಿದ್ದು ಒಂದೇ ಸಲ, ಅದು ಇದ್ರಲ್ಲೇ ಇತ್ತು. ಹೆಂಗಾದ್ರೂ ತೆಗೀಬಹುದಾ?" ಅಂದಳು.

ಅವಳು ಕೇಳಿದ್ದು ನನ್ನ ಮೊಣಕಾಲಿನ ಪಕ್ಕ, ಮೇಜಿನ ಕೆಳಗಿನ ಕಂಪ್ಯೂಟರಿನಲ್ಲಿ ಇತ್ತು. ಅದರ ಹಸಿರು ದೀಪ ಮಿನುಗುತ್ತಿತ್ತು. ನಾನು ಫೋನನ್ನು ಸುಮ್ಮನೆ ಆ ಕಡೆ ಈ ಕಡೆ ತಿರುಗಿಸಿ ನೋಡಿದೆ, ನೋಡಲು ಏನೂ ಇಲ್ಲದಿದ್ದರೂ. ಆಮೇಲೆ ಹೇಳಿದೆ — "ಹೋಗಿದ್ದು ಹೋಯ್ತು ಕಣಮ್ಮ. ಇನ್ನು ಬರಲ್ಲ."

ಅವಳು ಸರಿ ಎಂದು ತಲೆಯಾಡಿಸಿದಳು. ನನ್ನನ್ನು ನಂಬಿದ್ದಳು, ಅದಕ್ಕೆ ಎರಡನೆಯ ಸಲ ಕೇಳಲಿಲ್ಲ.

ಅಳಿಸಿದ್ದನ್ನು ಏನೋ ಸಾಫ್ಟ್‌ವೇರ್ ಹಾಕಿ ತೆಗೆದೆ ಅಂತ ಸುಳ್ಳು ಹೇಳಿ ಕೊಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದು ನನಗೆ ಹೊಳೆದದ್ದು ಮರುದಿನ. ಆಗಲೇ ಬರಲ್ಲ ಅಂದಾಗಿತ್ತು, ನನ್ನ ಮಾತು ನನಗೇ ಅಡ್ಡ ನಿಂತಿತ್ತು. ಹೊಳೆದಿದ್ದರೆ ಖಂಡಿತ ಹೇಳುತ್ತಿದ್ದೆ, ಅವಳು ನನ್ನ ಕಾಲಿಗೆ ಬೀಳುತ್ತಿದ್ದಳು, ನಾನು ಬೀಳಿಸಿಕೊಳ್ಳುತ್ತಿದ್ದೆ. ಅದೊಂದು ತಪ್ಪಿತು ಎಂಬುದರಲ್ಲಿ ನನ್ನ ಒಳ್ಳೆಯತನವೇನೂ ಇಲ್ಲ.

ನಿಜ ಹೇಳದೆ ಇದ್ದದ್ದು ಅಂಗಡಿಯ ಭಯಕ್ಕೆ. ಸುಮಕ್ಕ ಫೋನಿನೊಳಗೆ ಇಣುಕುತ್ತಾಳೆ ಎಂದು ಒಬ್ಬಳು ಹೇಳಿದರೆ ಸಾಕು, ವಾರದಲ್ಲಿ ಬಾಗಿಲು ಮುಚ್ಚಬೇಕು. ಹಾಗೆ ಐದು ವರ್ಷ ಕಳೆಯಿತು. ಈ ನಡುವೆ ಆ ಧ್ವನಿಯನ್ನು ಎಷ್ಟೋ ಸಲ ಕೇಳಿದ್ದೇನೆ, ಇದನ್ನೂ ಒಪ್ಪಿಕೊಳ್ಳಬೇಕು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ — ಅವರು ಶಿಫ್ಟು ಅನ್ನುವುದನ್ನು, ಅವರಿಬ್ಬರೂ ನಗುವುದನ್ನು. ಸತ್ತವರ ಮಗಳು ಕೇಳಲಾಗದ್ದನ್ನು ನಾನು ಬೇಜಾರಾದಾಗ ಹಾಕಿಕೊಂಡು ಕೇಳುತ್ತಿದ್ದೆ.

ಹೋದ ತಿಂಗಳು ಕಂಪ್ಯೂಟರಿನ ಹಾರ್ಡ್ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡತೊಡಗಿತು. ನನಗೆ ಆ ಸದ್ದಿನ ಅರ್ಥ ಗೊತ್ತು, ಇನ್ನು ಕೆಲವೇ ವಾರ. ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ನನ್ನ ಕಳ್ಳತನದ ಸಾಕ್ಷಿ ತಾನೇ ಸಾಯುತ್ತಿತ್ತು. ಅದರ ಜೊತೆಗೆ ಆ "ರೇವು"ವೂ. ಎರಡು ದಿನ ಆ ಸದ್ದು ಕೇಳುತ್ತಾ ಕೂತೆ. ಮೂರನೆಯ ದಿನ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿ, ಅವಳ ಬಟ್ಟೆ ಅಂಗಡಿಯಲ್ಲಿ ಮನೆಯ ವಿಳಾಸ ಕೇಳಿಕೊಂಡು, ಭಾನುವಾರ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆ. ಹಳೇ ಸಾಮಾನು ಹುಡುಕುವಾಗ ಸಿಕ್ಕಿತು ಅನ್ನಲೇ ಎಂದು ಬಸ್ಸು ಮಲವಗೊಪ್ಪ ದಾಟುವವರೆಗೂ ಯೋಚಿಸುತ್ತಿದ್ದೆ. ಯೋಚಿಸಲಿಲ್ಲ ಅಂದರೆ ಅದೂ ಸುಳ್ಳಾಗುತ್ತದೆ.

"ಏನ್ ಅಕ್ಕ ಇಷ್ಟು ದೂರ, ಬನ್ನಿ ಬನ್ನಿ" ಎಂದು ರೇವತಿ ಒಳಗೆ ಕರೆದಳು. ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಕಾಫಿಗೆ ಇಡಲು ಎದ್ದವಳನ್ನು, "ಬೇಡ, ಮೊದ್ಲು ಕೂತ್ಕೋ. ಆಮೇಲೆ ಕೊಡ್ಬೇಕು ಅನ್ಸಿದ್ರೆ ಕೊಡು" ಅಂದೆ. ತಗಡಿನಿಂದ ಹಿಡಿದು ಹೋಗಿದ್ದು ಹೋಯ್ತು ಅಂದದ್ದರವರೆಗೂ ಎಲ್ಲ ಹೇಳಿದೆ. ಪೆನ್‌ಡ್ರೈವನ್ನು ಟೀಪಾಯಿಯ ಮೇಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ಎಷ್ಟು ಸಲ ಕೇಳಿದ್ರಿ ಅಕ್ಕ?" ಅಂದಳು. ಇದನ್ನು ಕೇಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಲೆಕ್ಕ ಇಲ್ಲ ಅಂದೆ.

"ನಾನು ಒಂದೇ ಸಲ ಕೇಳಿದ್ದು. ಅವ್ರು ಹೇಳಿದಾಗ" ಅಂದಳು. "ಆಮೇಲೆ ಸಮಾಧಾನವಾಗಿ ಕೇಳೋಣ ಅಂತ ಇಟ್ಕೊಂಡಿದ್ದೆ."

ಅವಳೇ ಮತ್ತೆ ಕೇಳಿದಳು — "ನಿಮ್ಮತ್ರ ಇನ್ನೊಂದು ಕಾಪಿ ಇಲ್ವಲ್ಲ?" ಇಲ್ಲ, ಅಳಿಸಿದೆ ಅಂದೆ. "ಅದನ್ನ ನಾನು ಹೆಂಗೆ ನಂಬ್ಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಅವಳಿಗೆ ಗೊತ್ತಾಗಬೇಕಿತ್ತು, ಹೇಗೆ ನಂಬುವುದು ಎಂದು. ಇಷ್ಟು ವರ್ಷ ಇದೇ ಕಸುಬು ಮಾಡಿದ ನನಗೂ ಉತ್ತರ ಗೊತ್ತಿಲ್ಲ. ಇಲ್ಲದ್ದನ್ನು ಇಲ್ಲ ಎಂದು ತೆಗೆದು ತೋರಿಸುವುದು ಹೇಗೆ? ನಂಬಬೇಡ ಅಂದೆ.

ಕಾಫಿ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ನನ್ನ ಅಂಗಡಿಯ ಚೀಟಿಯಲ್ಲಿ ಈಗ ಚುಕ್ಕಿಗಳಿಲ್ಲ. ಗಿರಾಕಿಗಳು ಬಂದು ಎದುರಿಗೆ ನಿಂತು ತಾವೇ ಲಾಕು ತೆಗೆದು ಮೈಕು, ಕ್ಯಾಮೆರಾ ನೋಡಿಕೊಳ್ಳುತ್ತಾರೆ. ಯಾಕೆ ಅಂದವರಿಗೆ ಯಾಕೆ ಎಂದು ಹೇಳುತ್ತಿದ್ದೇನೆ. ಕೆಲವರು ಫೋನು ವಾಪಸ್ ತೆಗೆದುಕೊಂಡು ಹೋಗಿದ್ದಾರೆ.

ಆದರೆ ಆ ಭಾನುವಾರದ್ದು ಇನ್ನೊಂದು ಮಾತಿದೆ. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಅವಳು ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ತೆರೆದ ಕಿಟಕಿಯಿಂದ, ಪೆನ್‌ಡ್ರೈವಿನೊಳಗಿನ ಅವಳದೇ ದನಿ, ಐದು ವರ್ಷದ ಹಿಂದಿನದು — "ನಾನು ಯಾರು ಅಪ್ಪಾ?" ಮುಂದೆ ಮೌನ, ಕುಕ್ಕರ್ ಕೂಗು, ಎಲ್ಲ ನನಗೆ ಬಾಯಿಪಾಠ. ನನ್ನ ಕಾಲುಗಳು ಅಲ್ಲೇ ನಿಂತವು, ನಿಲ್ಲದೆ ಇರಲಿಲ್ಲ. ಆಮೇಲೆ ಒಂದು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ನಡೆದೆ. ಅವರು ಉತ್ತರ ಕೊಡುವ ಮೊದಲೇ ಗೇಟು ದಾಟಿದೆ.